ಸಭೆಯ ಚರಿತ್ರೆ ಬರೆಯುವವರು ಮೊದಲು ದೀಕ್ಷಾಸ್ನಾನದ ರಿಜಿಸ್ಟರ್ ತೆರೆಯಿರಿ

ರಾಯಚೂರು ಸೀಮೆಯಲ್ಲಿ ಕ್ರೈಸ್ತ ಸಭೆಗೆ (ಚರ್ಚಿಗೆ) ಐವತ್ತೋ ನೂರೋ ವರ್ಷ ತುಂಬಿದರೆ ಸ್ಮರಣ ಸಂಚಿಕೆ ಬರುತ್ತದೆ. ಕಟ್ಟಡ ಯಾವಾಗ ಕಟ್ಟಿದರು, ಯಾವ ಪಾಸ್ಟರ್ ಎಷ್ಟು ವರ್ಷ ಇದ್ದರು ಎಂಬಲ್ಲಿಗೆ ಅದು ಮುಗಿದುಬಿಡುತ್ತದೆ. ಶಿಶುಗಳಿಗಲ್ಲ, ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುವ ಮೆನೊನೈಟ್ ಬೇರಿನ ಸಭೆಗೆ ಅಷ್ಟು ಸಾಲದು. 1525ರ ಜನವರಿ 21ರಂದು ಜೂರಿಕ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ, ಸ್ವಂತ ಬಾಯಿಂದ ನಂಬಿಕೆ ಅರಿಕೆ ಮಾಡಿ ದೀಕ್ಷಾಸ್ನಾನ ಪಡೆದರು. ಈ ಪರಂಪರೆ ಶುರುವಾದದ್ದು ಅಲ್ಲಿ. ಮುಂದೆ, 1536ರಲ್ಲಿ ಪಾದ್ರಿತನ ಬಿಟ್ಟುಬಂದ ಮೆನ್ನೊ ಸೈಮನ್ಸರ ಹೆಸರು ಇದಕ್ಕೆ ನಿಂತಿತು. ಹಾಗಾಗಿ ಸಭೆಯ ನಿಜವಾದ ಚರಿತ್ರೆ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿದೆ.

ಅದನ್ನು ಓದುವಾಗ ಆಗುವ ದೊಡ್ಡ ತಪ್ಪು ಒಂದು. ಮೆಥೊಡಿಸ್ಟ್ ಅಥವಾ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ರಿಜಿಸ್ಟರಿನಲ್ಲಿ ಶಿಶುಗಳ ದೀಕ್ಷಾಸ್ನಾನವೂ ಇರುವುದರಿಂದ ಆ ತಾರೀಖಿನ ಹತ್ತಿರವೇ ಹುಟ್ಟಿದ ವರ್ಷ ಹಿಡಿಯಬಹುದು. ಇಲ್ಲಿ ಹಾಗೆ ಮಾಡಿದರೆ ಇಪ್ಪತ್ತು, ಮೂವತ್ತು ವರ್ಷ ತಪ್ಪುತ್ತದೆ. ಎರಡನೆಯದು, ಹಳೆಯ ಹೆಸರು, ಹೊಸ ಹೆಸರು ಎರಡೂ ಇದ್ದರೆ ಒಬ್ಬರನ್ನೇ ಇಬ್ಬರೆಂದು ಎಣಿಸುತ್ತೇವೆ. ತಂದೆಯ ಹೆಸರು ಮತ್ತು ಊರು ಎರಡನ್ನೂ ತಾಳೆ ನೋಡಿ. ಜಾತಿಯ ಕಲಂ ಇದ್ದರೆ ಅದನ್ನು ಸಂಚಿಕೆಯಲ್ಲಿ ಅಚ್ಚು ಹಾಕಬೇಡಿ. ಮೊಮ್ಮಕ್ಕಳು ಅದೇ ಊರಲ್ಲಿ ಬಾಳುತ್ತಿದ್ದಾರೆ.

ತಾರೀಖುಗಳ ವಿಷಯದಲ್ಲಿ ಇನ್ನೊಂದು ತೊಡಕು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಜಾಗದ ಕಾಗದಗಳು ಉರ್ದುವಿನಲ್ಲಿ, ಫಸಲಿ ಎಂಬ ಕಂದಾಯದ ವರ್ಷದಲ್ಲಿ ಇರಬಹುದು. ಅಲ್ಲಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು. ಇಸವಿ ತಿಳಿಯಲು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತಾರೀಖಾದರೆ ಫಸಲಿ ವರ್ಷಕ್ಕೆ 590 ಕೂಡಿಸಿ, ಜನವರಿಯ ನಂತರದ್ದಾದರೆ 591. ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರ್ ಬರುವುದು 1357 ಫಸಲಿಯಲ್ಲಿ. ಲೆಕ್ಕ ಸರಿಯಾಯಿತೋ ಇಲ್ಲವೋ ಇದರಿಂದ ಪರೀಕ್ಷಿಸಿಕೊಳ್ಳಿ. ಬಳ್ಳಾರಿ ಕಡೆ ಈ ಗೊಂದಲ ಕಡಿಮೆ. ಅದು 1953ರವರೆಗೆ ಮದರಾಸಿಗೆ ಸೇರಿತ್ತು.

ಹಿರಿಯರು ಗದ್ವಾಲ್, ಮೆಹಬೂಬನಗರ ಕಡೆಯಿಂದ ಬಂದವರಾದರೆ ದಾಖಲೆಗಳನ್ನು ಆಚೆ ತೆಲಂಗಾಣದಲ್ಲೂ ಹುಡುಕಬೇಕು, ತೆಲುಗು ಓದುವವರು ಜೊತೆಗಿರಬೇಕು. ಮೆನೊನೈಟರೊಳಗಿನ ಮೆನೊನೈಟ್ ಬ್ರದರನ್ ಪಂಗಡ ಹುಟ್ಟಿದ್ದು 1860ರಲ್ಲಿ, ದಕ್ಷಿಣ ರಷ್ಯಾದಲ್ಲಿ. ಅಲ್ಲಿಂದ ಬಂದ ಮಿಷನರಿ ಅಬ್ರಹಾಂ ಫ್ರೀಸನ್ ನಲ್ಗೊಂಡದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟರೊಡನೆ ದುಡಿದರು. 1899ರಲ್ಲಿ ಅಮೆರಿಕದಿಂದ ಎನ್. ಎನ್. ಹೀಬರ್ಟ್ ಬಂದರು. ಆದ್ದರಿಂದ ಹಳೆಯ ಕಾಗದದಲ್ಲಿ ಬ್ಯಾಪ್ಟಿಸ್ಟ್ ಎಂದಿದ್ದರೆ ನಮ್ಮದಲ್ಲವೆಂದು ಬದಿಗಿಡಬೇಡಿ. ಮಿಷನರಿಗಳ ಪತ್ರಗಳಿಗೆ ವಿನ್ನಿಪೆಗ್ ಮತ್ತು ಫ್ರೆಸ್ನೊದ ಮೆನೊನೈಟ್ ಬ್ರದರನ್ ಅಧ್ಯಯನ ಕೇಂದ್ರಗಳಿಗೆ ಬರೆದು ಕೇಳಿ.

ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರ ನುಂಗುತ್ತದೆ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಕಿಟಕಿಯ ಪಕ್ಕ ನೆರಳಿನಲ್ಲಿ ಇಟ್ಟು, ಫ್ಲ್ಯಾಷ್ ಇಲ್ಲದೆ ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಸಮಾಧಿ ಕಲ್ಲಿನ ಸವೆದ ಅಕ್ಷರಕ್ಕೆ ಸುಣ್ಣ, ಎಣ್ಣೆ ಬಳಿಯುವ ಬದಲು ಬೆಳಗಿನ ಓರೆಬಿಸಿಲಿಗೆ ಹೋಗಿ.

ಇನ್ನು ಭಕ್ತಿಜೀವನ. ಇದು ಯಾವ ಮಿನಿಟ್ಸ್ ಪುಸ್ತಕದಲ್ಲೂ ಸಿಗುವುದಿಲ್ಲ, ಅಜ್ಜಿಯರನ್ನೇ ಕೇಳಬೇಕು. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. "ಯಾವ ಇಸವಿ?" ಎಂದರೆ ಉತ್ತರ ಬರುವುದಿಲ್ಲ. "ತುಂಗಭದ್ರಾ ಡ್ಯಾಂ ಕಟ್ಟುವ ಮುಂಚೆಯೋ ಆಮೇಲೋ ಅಮ್ಮ? ಎಪ್ಪತ್ತೆರಡರ ಬರಗಾಲಕ್ಕೆ ಮದುವೆ ಆಗಿತ್ತೇನು?" ಎಂದು ಕೇಳಿ. ದೀಕ್ಷಾಸ್ನಾನ ಹಳ್ಳದಲ್ಲೋ, ಬಾವಿಯಲ್ಲೋ, ತೊಟ್ಟಿಯಲ್ಲೋ? ಅದಕ್ಕೆ ಮುಂಚೆ ಏನು ಕಲಿಸಿದರು, ಸಭೆಯ ಮುಂದೆ ಏನು ಕೇಳಿದರು? ಪ್ರಭುಭೋಜನದ (ಯೇಸುವಿನ ಕೊನೆಯ ಊಟ ನೆನೆಯುವ ಆಚರಣೆಯ) ಹಿಂದಿನ ದಿನ ಜಗಳವಾಡಿದವರನ್ನು ಕೂಡಿಸುತ್ತಿದ್ದರೇ? ಪಾದ ತೊಳೆಯುವ ಪದ್ಧತಿ ಇತ್ತೇ? ಆಣೆ ಇಡದಿರುವುದು, ಹೊಡೆದವರಿಗೆ ತಿರುಗಿ ಹೊಡೆಯದಿರುವುದು ಮೆನೊನೈಟರ ಹಳೆಯ ಬೋಧನೆ. ಊರ ಜಗಳದಲ್ಲಿ, ಕೋರ್ಟಿನಲ್ಲಿ ಅದನ್ನು ಹೇಗೆ ಪಾಲಿಸಿದರೆಂದು ತಪ್ಪದೆ ಕೇಳಿ.

ಹಳ್ಳಿ ಹಳ್ಳಿ ನಡೆದು ವಾಕ್ಯ ಹೇಳಿದ ಬೈಬಲ್ ವುಮೆನ್‌ಗಳ ಹೆಸರು ಸಂಬಳದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಳಿದಿರಬಹುದು. ಆ ಪುಸ್ತಕವನ್ನು ರದ್ದಿಗೆ ಹಾಕುವ ಮುನ್ನ ಪ್ರತಿ ಹೆಸರನ್ನೂ ಬರೆದಿಟ್ಟುಕೊಳ್ಳಿ. ಕರಡು ಮುಗಿದ ಮೇಲೆ, ಅಚ್ಚಿಗೆ ಕೊಡುವ ಮುನ್ನ, ಒಂದು ಭಾನುವಾರ ಆರಾಧನೆ ಮುಗಿದ ಬಳಿಕ ಸಭೆಗೆ ಓದಿ ಹೇಳಿ. ಬಿಟ್ಟುಹೋದ ಹೆಸರುಗಳನ್ನು ಹಿಂದಿನ ಸಾಲಿನಲ್ಲಿ ಕೂತವರು ಅಂದೇ ಹೇಳುತ್ತಾರೆ.