‘ಅನುಭವ’ದ ಜಾಗ ಖಾಲಿ ಬಿಡಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಡಿಟಿಪಿ ಅಂಗಡಿಯಲ್ಲಿ ಈಗೀಗ ಮದುವೆ ಕಾಗದಕ್ಕಿಂತ ಬಯೋಡೇಟಾ ಟೈಪಿಂಗೇ ಜಾಸ್ತಿ. ಮೂವತ್ತೈದು ದಾಟಿದವರು ಬಂದು, ಮಂಗಳೂರಲ್ಲಿ ಬೇರೆ ಲೈನಿಗೆ ಹೋಗಬೇಕು ಅನ್ನುತ್ತಾರೆ. ‘ಅನುಭವ’ ಅನ್ನುವಲ್ಲಿಗೆ ಬಂದರೆ, "ಅದು ಖಾಲಿ ಬಿಡಿ." ಕೆಡುವುದು ಅಲ್ಲೇ.

ಮೊದಲು ಯಾವ ಕೆಲಸ ಅಂತ ಒಂದನ್ನೇ ಹಿಡಿಯಿರಿ. ‘ಯಾವುದಾದರೂ ಆದೀತು’ ನಡೆಯುವುದಿಲ್ಲ.

ಎರಡನೆಯದು, ಆ ಕೆಲಸದ ನಾಲ್ಕೈದು ಜಾಹೀರಾತು ಓದಿ, ಎಲ್ಲದರಲ್ಲೂ ಬರುವ ಪದಗಳಿಗೆ ಗೆರೆ ಹಾಕಿ.

ಮೂರನೆಯದು ಹಳೆ ಕೆಲಸವನ್ನು ಆ ಪದಗಳಲ್ಲಿ ಹೇಳುವುದು. ಅಡಿಕೆ ಮಂಡಿಯಲ್ಲಿ ಹತ್ತು ವರ್ಷ ದುಡಿದವರು ಗೋದಾಮಿನ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕುತ್ತಾರೆ ಅನ್ನಿ. ಬರೆಸುವುದು ‘ಅಂಗಡಿಯಲ್ಲಿ ಇದ್ದೆ’ ಅಂತ ಒಂದೇ ಸಾಲು. ನಾನು ಕೈ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಏನೇನು ಮಾಡುತ್ತೀರಿ ಅಂತ ಕೇಳುತ್ತೇನೆ. ಚಾಲಿಯಿಂದ, ಅಂದರೆ ಒಣಗಿಸಿ ಸುಲಿದ ಅಡಿಕೆಯಿಂದ, ಪಟೋರ, ಉಳ್ಳಿ, ಕೋಕ ಅನ್ನುವ ಕಡಿಮೆ ದರ್ಜೆಯವನ್ನು ಬೇರೆ ಮಾಡುತ್ತಾರಂತೆ. ಅದು ಗುಣಮಟ್ಟ ತಪಾಸಣೆ. ಗೋಣಿ ತೂಗಿ ಪುಸ್ತಕಕ್ಕೆ ಏರಿಸುತ್ತಾರೆ, ಅದು ದಾಸ್ತಾನು ಲೆಕ್ಕ. ಸರಿಯಾಗಿ ಒಣಗದ ಮಾಲು ತಂದ ಕೃಷಿಕರನ್ನು ಜಗಳವಿಲ್ಲದೆ ವಾಪಸು ಕಳಿಸುತ್ತಾರೆ. ಇದನ್ನಂತೂ ಯಾವ ಕೋರ್ಸೂ ಕಲಿಸುವುದಿಲ್ಲ. ಪ್ರತಿ ಸಾಲಿಗೂ ಲೆಕ್ಕ ಸೇರಿಸಿ: ದಿನಕ್ಕೆ ಎಷ್ಟು ಗೋಣಿ, ಕೈಕೆಳಗೆ ಎಷ್ಟು ಜನ. ಹಾಗಂತ ಏರಿಸಿ ಬರೆಯಬೇಡಿ. ‘ಸಪ್ಲೈ ಚೈನ್ ಮ್ಯಾನೇಜರ್’ ಅಂತ ಬರೆಸಿಕೊಂಡು ಹೋದವರು ಸಂದರ್ಶನದ ಎರಡನೇ ಪ್ರಶ್ನೆಗೇ ಬೆವರಿದ್ದುಂಟು.

ಇನ್ನೊಂದು ಮರೆವು ಭಾಷೆಯದ್ದು. ಸಪ್ತಭಾಷಾ ಭೂಮಿ ಅನ್ನಿಸಿಕೊಂಡ ಕಾಸರಗೋಡಿನವರು ನಾವು, ಬರೆಸುವುದು ಮಾತ್ರ ‘ಕನ್ನಡ, ಇಂಗ್ಲಿಷ್, ಹಿಂದಿ’! ತುಳು, ಮಲಯಾಳಂ, ಬ್ಯಾರಿ ಎಲ್ಲಿ ಹೋಯಿತು ಮಾರಾಯ್ರೆ? ಗಿರಾಕಿಗಳ ಜತೆ ಮಾತಾಡುವ ಕೆಲಸವಾದರೆ ಅದೇ ನಿಮ್ಮ ಬಂಡವಾಳ. ಮಲಯಾಳಂ ಮಾತಾಡಲು ಮಾತ್ರ ಬರುವುದಾದರೆ ಹಾಗೆಯೇ ಬರೆಯಿರಿ, ಓದಲು ಬರುತ್ತದೆ ಅನ್ನಬೇಡಿ.

ಅಪ್ಪನ ಹೆಸರು, ಜಾತಿ, ಕೊನೆಯ ‘ಮೇಲಿನದೆಲ್ಲ ಸತ್ಯ’ ಖಾಸಗಿ ಕಂಪೆನಿಗೆ ಬೇಡ. ಮೊಬೈಲಲ್ಲಿ ಸಿಗುವ ಬಣ್ಣದ ಮಾದರಿಗಳಲ್ಲಿ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಎದುರು ನಾಲ್ಕು ನಕ್ಷತ್ರ ಹಾಕಿರುತ್ತಾರಲ್ಲ, ಅದನ್ನು ತೆಗೆಯಿರಿ. ಬಿಳಿ ಹಾಳೆ, ಕಪ್ಪು ಅಕ್ಷರ, ಒಂದೇ ಪುಟ. ಪುಟಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುವ ನಾನೇ ಹೇಳುತ್ತಿದ್ದೇನೆ.

ಕೆಲಸ ಗ್ಯಾರಂಟಿ ಅಂತ ಮುಂಗಡ ಕೇಳುವ ಕೋರ್ಸಿನ ಹತ್ತಿರ ಸುಳಿಯಬೇಡಿ. ಲೆಕ್ಕದ ಕೆಲಸ ಬೇಕಾದರೆ ಟ್ಯಾಲಿ ಕಲಿಯಿರಿ, ಆದರೆ ಯಾರದ್ದಾದರೂ ನಿಜವಾದ ಬಿಲ್ಲುಗಳ ಮೇಲೆ ಕೈ ಪಳಗಿಸಿ. ಗೋಡೆಯ ಸರ್ಟಿಫಿಕೇಟಿಗಿಂತ ಅದು ಮೇಲು.

ಸಂಬಳ ಮೊದಲಿಗೆ ಇಳಿಯಬಹುದು. ಎಷ್ಟರವರೆಗೆ ತಡೆಯುತ್ತದೆ ಅಂತ ಮನೆಯವರ ಜತೆ ಕೂತು ಮೊದಲೇ ಲೆಕ್ಕ ಹಾಕಿ.

ಹಳೆ ಕೆಲಸ ಬಿಡುವುದು ನೇಮಕಾತಿ ಪತ್ರ ಕೈಗೆ ಬಂದ ಮೇಲೆ. ಮಂಗಳೂರಲ್ಲಿ ತಕ್ಷಣ ರೂಮು ಹಿಡಿಯಬೇಡಿ, ಕುಂಬಳೆಯಿಂದ ಒಂದು ತಿಂಗಳು ರೈಲಿನ ಸೀಸನ್ ಪಾಸಿನಲ್ಲಿ ಹೋಗಿ ಬನ್ನಿ.