ತುಮಕೂರಿನಲ್ಲಿ ಕುಳಿತು ಅಮೆರಿಕದ ಕಾಲೇಜು ಫುಟ್ಬಾಲ್ ನೋಡುವ ಬಗೆ

ಮಕ್ಕಳು ಎಂ.ಎಸ್. ಓದಲು ಅಮೆರಿಕಕ್ಕೆ ಹೋಗಿರುವ ಮನೆಗಳಿಗೆ ಸೆಪ್ಟೆಂಬರ್ ಹೊತ್ತಿಗೆ ಒಂದು ಬಗೆಯ ಫೋಟೊ ಬರುತ್ತದೆ. ಮೊನ್ನೆಮೊನ್ನೆಯವರೆಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತಿದ್ದ ಹುಡುಗಿ ಕಡುಗೆಂಪು ಅಂಗಿ ತೊಟ್ಟು, ಕೆನ್ನೆಗೆ ಬಣ್ಣ ಬಳಿದುಕೊಂಡು, ಲಕ್ಷ ಜನರ ನಡುವೆ ಕೈಯೆತ್ತಿ ಕೂಗುತ್ತಿರುತ್ತಾಳೆ. ನನ್ನ ತಂಗಿಯ ಮಗಳು ಕೊಲಂಬಸ್ ನಗರದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ವರ್ಷ ನಮ್ಮ ಮನೆಗೂ ಅಂಥದೊಂದು ಫೋಟೊ ಬಂತು. "ಕಾಲೇಜು ಹುಡುಗರ ಪಂದ್ಯಕ್ಕೆ ಇಷ್ಟು ಜನವೇನಮ್ಮ?" ಎಂದು ಕೇಳಿದೆ. "ಒಂದು ಪಂದ್ಯ ಪೂರ್ತಿ ನೋಡಿ ಮಾವ, ಆಮೇಲೆ ಮಾತಾಡೋಣ" ಎಂದಳು. ನೋಡಲು ಹೊರಟಾಗ ನಾನು ಎಡವಿದ ಕಡೆಗಳಲ್ಲಿ ಇನ್ನೊಬ್ಬರು ಎಡವದಿರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಯಮಗಳನ್ನೆಲ್ಲ ಕಲಿತು ಆಮೇಲೆ ತಂಡವೊಂದನ್ನು ಹುಡುಕಿಕೊಳ್ಳೋಣ ಎಂದು ಹೊರಟರೆ ಎರಡನೆಯ ವಾರಕ್ಕೇ ಬೇಸರ ಬರುತ್ತದೆ. ತಂಡವೇ ಮೊದಲು. ಮೇಲಿನ ಶ್ರೇಣಿಯಲ್ಲಿಯೇ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ತಂಡಗಳಿರುವುದರಿಂದ, ನಿಮ್ಮ ಮನೆಯ ಅಥವಾ ಬೀದಿಯ ಮಗು ಓದುತ್ತಿರುವ ಕಾಲೇಜನ್ನೇ ಹಿಡಿಯುವುದು ಜಾಣತನ. ಅಂಥ ನಂಟು ಇಲ್ಲದವರು ತಂಡಕ್ಕೆ ಬದಲಾಗಿ ಹಳೆಯ ವೈರವೊಂದನ್ನು ಆರಿಸಿಕೊಳ್ಳಬಹುದು: 1890ರಿಂದ ನಡೆದುಬಂದಿರುವ ಆರ್ಮಿ ಮತ್ತು ನೇವಿ ಅಕಾಡೆಮಿಗಳ ಪಂದ್ಯ, ಇಲ್ಲವೇ 1897ರಲ್ಲಿ ಆರಂಭವಾದ ಒಹಾಯೊ ಸ್ಟೇಟ್ ಮತ್ತು ಮಿಚಿಗನ್ ಪಂದ್ಯ. ಪ್ರತಿ ವಾರ ಪ್ರಕಟವಾಗುವ 25 ತಂಡಗಳ ಶ್ರೇಯಾಂಕ ಪಟ್ಟಿಯನ್ನು ನೋಡಿ ಮೊದಲ ಸ್ಥಾನದವರ ಬೆನ್ನು ಹತ್ತುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಎರಡನೆಯ ವಿಷಯ ಗಡಿಯಾರ. ಪಂದ್ಯಗಳು ಹೆಚ್ಚಾಗಿ ಅಲ್ಲಿನ ಶನಿವಾರ ನಡೆಯುತ್ತವೆ. ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದ ಪೂರ್ವ ಭಾಗದ ಸಮಯವು ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಆದ್ದರಿಂದ ಅವರ ಮಧ್ಯಾಹ್ನ 12ರ ಪಂದ್ಯ ನಮಗೆ ಶನಿವಾರ ರಾತ್ರಿ 9.30ಕ್ಕೆ, 3.30ರ ಪಂದ್ಯ ನಡುರಾತ್ರಿ 1ಕ್ಕೆ, ಸಂಜೆ 7.30ರ ಪಂದ್ಯ ಭಾನುವಾರ ಬೆಳಗಿನ ಜಾವ 5ಕ್ಕೆ ಶುರುವಾಗುತ್ತದೆ. ಆ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಅಲ್ಲಿಂದಾಚೆ ಎಲ್ಲವೂ ನಮಗೆ ಒಂದು ಗಂಟೆ ತಡ. ನಾನು ಮೊದಲ ವರ್ಷ ಇದನ್ನರಿಯದೆ, ಹಳೆಯ ಲೆಕ್ಕದಂತೆಯೇ ಅಲಾರಂ ಇಟ್ಟು, ಚಳಿಯಲ್ಲಿ ಶಾಲು ಹೊದ್ದು ಐದು ಗಂಟೆಗೆ ಟಿ.ವಿ. ಮುಂದೆ ಕುಳಿತು ಒಂದು ಗಂಟೆ ಜಾಹೀರಾತು ನೋಡಿದ್ದೇನೆ. ಪಂದ್ಯವೊಂದು ಮುಗಿಯಲು ಸುಮಾರು ಮೂರೂವರೆ ಗಂಟೆ ಬೇಕು. ನಡುರಾತ್ರಿಯ ಪಂದ್ಯಗಳಿಗೆ ನಿದ್ದೆಗೆಡುವ ಅಗತ್ಯವಿಲ್ಲ. ಬೆಳಿಗ್ಗೆ ಯೂಟ್ಯೂಬ್‌ನಲ್ಲಿ ಮುಖ್ಯ ದೃಶ್ಯಗಳು ಸಿಗುತ್ತವೆ.

ಇನ್ನು ಆಟ. ಹೆಸರು ಫುಟ್ಬಾಲ್ ಆದರೂ ಇಲ್ಲಿ ಚೆಂಡು ಕೈಯಲ್ಲಿರುವುದೇ ಹೆಚ್ಚು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಮೊದಲ ಪಂದ್ಯದಲ್ಲಿ ಪ್ರತಿ ತಂಡದಲ್ಲಿ 25 ಮಂದಿ ಇದ್ದರು, ಚೆಂಡನ್ನು ಹಿಡಿದು ಓಡುವಂತಿರಲಿಲ್ಲ, ಹೆಸರಿಗೆ ತಕ್ಕ ಆಟವಾಗಿತ್ತು. ರಟ್ಗರ್ಸ್ 6–4ರಿಂದ ಗೆದ್ದಿತು. ಈಗಿನ ಆಟವನ್ನು ಅರ್ಥಮಾಡಿಕೊಳ್ಳಲು ಕಬಡ್ಡಿಯ ನಡುಗೆರೆಯನ್ನು ನೆನೆಯಿರಿ. ಆ ಗೆರೆ ಪ್ರತಿಯೊಂದು ಯತ್ನದ ನಂತರವೂ ಹಿಂದೆ ಮುಂದೆ ಸರಿಯುತ್ತಾ ಹೋಗುತ್ತದೆ ಎಂದು ಕಲ್ಪಿಸಿಕೊಂಡರೆ ಮುಕ್ಕಾಲು ಪಾಲು ತಿಳಿದಂತೆಯೇ. 100 ಗಜದ ಮೈದಾನ, ಎರಡೂ ತುದಿಗೆ 10 ಗಜದ ಎಂಡ್ ಝೋನ್, ಒಂದೊಂದು ಕಡೆಗೂ ಹನ್ನೊಂದು ಜನ, 15 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಪಡೆದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ; ಒಂದೊಂದು ಅವಕಾಶಕ್ಕೂ ಡೌನ್ ಎಂದು ಹೆಸರು. ಕ್ರಿಕೆಟ್ಟಿನಲ್ಲಿ ಎಸೆತದಿಂದ ಎಸೆತಕ್ಕೆ ಆಟ ನಿಂತು ಮತ್ತೆ ಶುರುವಾಗುವಂತೆ ಇಲ್ಲಿಯೂ ಪ್ರತಿ ಡೌನ್‌ಗೆ ಆಟ ನಿಲ್ಲುತ್ತದೆ. 10 ಗಜ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು; ಇದೇ ಫಸ್ಟ್ ಡೌನ್. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಇದಕ್ಕೆ ಪಂಟ್ ಎನ್ನುತ್ತಾರೆ. ಚೆಂಡಿನೊಂದಿಗೆ ಎಂಡ್ ಝೋನ್ ತಲುಪಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಟಚ್‌ಡೌನ್ ಇಲ್ಲದೆ ಒದ್ದು ಗಳಿಸುವ ಫೀಲ್ಡ್ ಗೋಲ್‌ಗೆ 3. ತಂಡವೊಂದು ತನ್ನದೇ ಎಂಡ್ ಝೋನಿನಲ್ಲಿ ಸಿಕ್ಕಿಬಿದ್ದರೆ ಎದುರಾಳಿಗೆ 2, ಇದು ಸೇಫ್ಟಿ.

ಇಷ್ಟನ್ನು ಓದಿಕೊಂಡ ಮೇಲೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲು ಒಂದು ಹಳೆಯ ಪಂದ್ಯವಿದೆ. 1950ರ ನವೆಂಬರ್ 25ರಂದು ಕೊಲಂಬಸ್‌ನಲ್ಲಿ ಹಿಮದ ಬಿರುಗಾಳಿಯ ನಡುವೆಯೇ ಒಹಾಯೊ ಸ್ಟೇಟ್ ಮತ್ತು ಮಿಚಿಗನ್ ಆಡಿದವು. ಮಿಚಿಗನ್ ಇಡೀ ಪಂದ್ಯದಲ್ಲಿ ಒಂದೇ ಒಂದು ಫಸ್ಟ್ ಡೌನ್ ಪಡೆಯಲಿಲ್ಲ, ಜೊತೆಗಾರನಿಗೆಂದು ಮುಂದಕ್ಕೆ ಎಸೆದ ಒಂದು ಪಾಸ್ ಕೂಡ ಕೈಗೆ ಸಿಗಲಿಲ್ಲ. ಆದರೂ 9–3ರಿಂದ ಗೆದ್ದಿತು. ಹೇಗೆ ಎಂದು ಒಂದು ಗಳಿಗೆ ಯೋಚಿಸಿ. ಗೆರೆಗಳೇ ಕಾಣದ ಆ ಮೈದಾನದಲ್ಲಿ ಮರಗಟ್ಟಿದ ಬೆರಳುಗಳಿಂದ ಚೆಂಡು ಹಿಡಿದಿಟ್ಟುಕೊಳ್ಳುವುದೇ ಅಪಾಯವಾಗಿದ್ದರಿಂದ ಎರಡೂ ತಂಡಗಳು ನಾಲ್ಕನೆಯ ಡೌನ್‌ವರೆಗೆ ಕಾಯದೆ ಪಂಟ್ ಮಾಡುತ್ತಾ ಹೋದವು. ಒಟ್ಟು ಪಂಟ್‌ಗಳು 45. ಒಹಾಯೊ ಸ್ಟೇಟ್ ಒದ್ದ ಎರಡು ಪಂಟ್‌ಗಳನ್ನು ಮಿಚಿಗನ್ ಆಟಗಾರರು ತಡೆದರು. ತಡೆದ ಒಂದು ಚೆಂಡು ಎಂಡ್ ಝೋನಿನಾಚೆ ಹೋಗಿ ಸೇಫ್ಟಿಯಾಯಿತು; ಇನ್ನೊಂದರ ಮೇಲೆ ಎಂಡ್ ಝೋನಿನೊಳಗೆ ಮಿಚಿಗನ್ ಆಟಗಾರನೇ ಬಿದ್ದು ಟಚ್‌ಡೌನ್ ಮಾಡಿದ. ಎರಡು, ಆರು, ಒಂದು, ಒಟ್ಟು ಒಂಬತ್ತು. ಒಹಾಯೊದ ಮೂರು ಅಂಕ ಅದೇ ವರ್ಷ, ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ ವಿಕ್ ಜಾನೊವಿಚ್ ಒದ್ದ ಫೀಲ್ಡ್ ಗೋಲಿನದು. ಈ ಕೂಡಿಸುವ ಲೆಕ್ಕ ನಿಮಗೆ ತೊಡಕಿಲ್ಲದೆ ತಿಳಿದಿದ್ದರೆ ಯಾವ ಪಂದ್ಯವನ್ನಾದರೂ ನೋಡಬಹುದು.

ಪಂದ್ಯ ಆರಂಭವಾಗುವ ಹೊತ್ತಿಗೆ ಸರಿಯಾಗಿ ಟಿ.ವಿ. ಹಾಕುವವರು ಅರ್ಧ ಸೊಗಸನ್ನು ಕಳೆದುಕೊಳ್ಳುತ್ತಾರೆ. ತೇರು ಎಳೆಯುವುದನ್ನಷ್ಟೇ ನೋಡಿ ಜಾತ್ರೆ ನೋಡಿದೆ ಎಂದಂತೆ ಅದು. ಬೆಳಗಿನಿಂದಲೇ ಕಾರುಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ಪರಿಚಯವಿಲ್ಲದವರಿಗೂ ತಿನ್ನಲು ಕೊಡುವ ಟೇಲ್‌ಗೇಟ್ ನಡೆದಿರುತ್ತದೆ. ಒಹಾಯೊದವರು ಕೊರಳಿಗೆ ಬಕ್‌ಐ ಮರದ ಬೀಜಗಳ ಸರ ಹಾಕಿಕೊಳ್ಳುತ್ತಾರೆ. ಫೋಟೊದಲ್ಲಿ ಅದನ್ನು ನೋಡಿ ನಮ್ಮಕ್ಕ ರುದ್ರಾಕ್ಷಿ ಎಂದೇ ತಿಳಿದು ಸಂತೋಷಪಟ್ಟಿದ್ದರು. ಆ ಬೀಜದ ಹೆಸರೇ ತಂಡದ ಹೆಸರು. ಚೆನ್ನಾಗಿ ಆಡಿದವರ ಹೆಲ್ಮೆಟ್ಟಿಗೆ ಅದೇ ಮರದ ಎಲೆಯ ಚಿತ್ರ ಅಂಟಿಸುವ ರೂಢಿ 1968ರಿಂದ ಇದೆ.

ತಪ್ಪಿಸಲೇಬಾರದ್ದು ವಾದ್ಯಮೇಳ. ಹಿತ್ತಾಳೆಯ ವಾದ್ಯಗಳು ಮತ್ತು ಡೋಲುಗಳಷ್ಟೇ ಇರುವ ಈ ಮೇಳದವರು ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುತ್ತಾ, ನುಡಿಸುತ್ತಲೇ ಸುತ್ತಿ ಬಳಸಿ, ಒಹಾಯೊ ಎಂಬ ಇಂಗ್ಲಿಷ್ ಪದವನ್ನು ಕೂಡಕ್ಷರದಲ್ಲಿ ಮೈದಾನದ ಮೇಲೆ ಬರೆಯುತ್ತಾರೆ. ಪದ ಪೂರ್ತಿಯಾದರೂ 'ಐ' ಅಕ್ಷರದ ಮೇಲೆ ಚುಕ್ಕೆ ಇನ್ನೂ ಬಿದ್ದಿರುವುದಿಲ್ಲ. ಆಗ ಮೈಗೆ ಸುತ್ತಿಕೊಂಡ ಭಾರಿ ಸೂಸಾಫೋನ್ ಹೊತ್ತ ಒಬ್ಬ ವಾದಕ ಸಾಲಿನಿಂದ ಹೊರಬಂದು, ಮೊಣಕಾಲು ಎತ್ತೆತ್ತಿ ಹಾಕುತ್ತಾ ಚುಕ್ಕೆಯ ಜಾಗಕ್ಕೆ ಹೋಗಿ ನಿಂತು, ಟೋಪಿ ತೆಗೆದು ಎರಡೂ ದಿಕ್ಕಿಗೆ ಬಾಗಿ ನಮಸ್ಕರಿಸುತ್ತಾನೆ. 1,02,780 ಆಸನಗಳ ಕ್ರೀಡಾಂಗಣ ಎದ್ದು ಕೂಗುತ್ತದೆ. ಹೀಗೆ ಪದ ಬರೆಯುವ ರೂಢಿ 1936ರಲ್ಲಿ ಶುರುವಾದದ್ದು. ನಮ್ಮ ರಂಗೋಲಿಯಲ್ಲಿ ಚುಕ್ಕೆ ಮೊದಲು, ಗೆರೆ ಆಮೇಲೆ, ಅವರದು ತಿರುಗುಮುರುಗು. ನೇರಪ್ರಸಾರದಲ್ಲಿ ಈ ಹೊತ್ತಿಗೆ ಜಾಹೀರಾತು ಬಂದುಬಿಡುವುದುಂಟು, ಆದ್ದರಿಂದ ಇದನ್ನು ಬಿಡುವಾಗಿ ಯೂಟ್ಯೂಬ್‌ನಲ್ಲಿ ನೋಡಿ. ಬೇರೆ ಕಾಲೇಜುಗಳಿಗೂ ತಮ್ಮವೇ ಆಚರಣೆಗಳಿವೆ. ಅಯೊವಾದಲ್ಲಿ ಮೊದಲ ಕ್ವಾರ್ಟರ್ ಮುಗಿದೊಡನೆ ಆಟಗಾರರೂ ಪ್ರೇಕ್ಷಕರೂ ಪಕ್ಕದ ಮಕ್ಕಳ ಆಸ್ಪತ್ರೆಯ ಕಿಟಕಿಗಳತ್ತ ತಿರುಗಿ ಕೈಬೀಸುತ್ತಾರೆ. ಇದು 2017ರಲ್ಲಿ ಶುರುವಾದದ್ದು.

ಚರಿತ್ರೆಯನ್ನು ಇಡಿಯಾಗಿ ಓದಲು ಹೋಗಬೇಡಿ, ನಿಮ್ಮ ತಂಡದ ಮುಖ್ಯ ವೈರಿಯನ್ನು ಮಾತ್ರ ತಿಳಿದುಕೊಳ್ಳಿ. ನಮ್ಮವರಿಗೆ ಅದು ಮಿಚಿಗನ್. ನವೆಂಬರ್ ಕೊನೆಯ ಶನಿವಾರದ ಆ ಪಂದ್ಯಕ್ಕೆ 'ದಿ ಗೇಮ್' ಎಂದಷ್ಟೇ ಹೆಸರು. ಸಾಮಾನ್ಯವಾಗಿ ಅವರ ಮಧ್ಯಾಹ್ನಕ್ಕಿರುವುದರಿಂದ ನಮಗೆ ರಾತ್ರಿ 10.30, ಊಟ ಮುಗಿಸಿ ಕೂರಬಹುದು. ಆ ವಾರ ಕೊಲಂಬಸ್ ಕ್ಯಾಂಪಸ್ಸಿನ ಫಲಕಗಳಲ್ಲಿರುವ 'ಎಂ' ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿಯ ಕಾಟು ಬೀಳುತ್ತದೆ. ಮಿಚಿಗನ್ನನ್ನು ಸೋಲಿಸಿದ ವರ್ಷ ಆಟಗಾರರಿಗೆ ಚಿನ್ನದ ಬಣ್ಣದ ಪುಟ್ಟ ಚಡ್ಡಿಯ ಆಕಾರದ ಪದಕ ಕೊಡುವ ರೂಢಿ 1934ರಿಂದ ಬಂದಿದೆ. ಅವರೂ ನಮ್ಮಂತೆಯೇ ಒಂದೊಂದು ಕಾಲು ತೂರಿಸಿ ಚಡ್ಡಿ ಹಾಕುವವರು ಎಂದು ಅಂದಿನ ತರಬೇತುದಾರ ಫ್ರಾನ್ಸಿಸ್ ಶ್ಮಿಟ್ ಹೇಳಿದ್ದೇ ಇದರ ಮೂಲ. 1969ರಿಂದ 1978ರವರೆಗೆ ಒಹಾಯೊದ ವುಡಿ ಹೇಯ್ಸ್, ಮಿಚಿಗನ್ನಿನ ಬೋ ಶೆಂಬೆಕ್ಲರ್ ಎದುರುಬದುರಾಗಿದ್ದ ಕಾಲಕ್ಕೆ 'ಹತ್ತು ವರ್ಷದ ಯುದ್ಧ' ಎಂದೇ ಹೆಸರಾಯಿತು. ಐದರಲ್ಲಿ ಮಿಚಿಗನ್, ನಾಲ್ಕರಲ್ಲಿ ಒಹಾಯೊ, ಒಂದು ಸಮ. ಹಿಂದೊಮ್ಮೆ ಹೇಯ್ಸ್ ಅವರ ಸಹಾಯಕರಾಗಿದ್ದವರೇ ಶೆಂಬೆಕ್ಲರ್ ಎಂಬುದು ನೆನಪಿರಲಿ.

ಈ ವೈರ ಎಷ್ಟು ಆಳವೆಂಬುದು ನನಗೆ ತಿಳಿದದ್ದು 2024ರಲ್ಲಿ. ಆ ನವೆಂಬರಿನಲ್ಲಿ ಮಿಚಿಗನ್ 13–10ರಿಂದ, ಸತತ ನಾಲ್ಕನೆಯ ಬಾರಿಗೆ ಗೆದ್ದಿತ್ತು. ಹುಡುಗಿ ಎರಡು ದಿನ ಫೋನ್ ಎತ್ತಲಿಲ್ಲ. ಅದೇ ವರ್ಷ ಪ್ಲೇಆಫ್ ತಂಡಗಳನ್ನು ನಾಲ್ಕರಿಂದ ಹನ್ನೆರಡಕ್ಕೆ ಏರಿಸಿದ್ದರಿಂದ ಸೋತ ತಂಡಕ್ಕೂ ಜಾಗ ಸಿಕ್ಕಿ, ಮರುವರ್ಷದ ಜನವರಿ 20ರ ಸೋಮವಾರ ನೋಟರ್ ಡೇಮ್ ಕಾಲೇಜನ್ನು 34–23ರಿಂದ ಸೋಲಿಸಿ ಒಹಾಯೊ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದ್ದರಿಂದ ಒಂದು ಎಚ್ಚರಿಕೆ: 'ದಿ ಗೇಮ್' ಸೋತ ದಿನ ಕೊಲಂಬಸ್‌ಗೆ ಫೋನ್ ಮಾಡಿ "ಹೋಗಲಿ ಬಿಡಮ್ಮ, ಆಟ ತಾನೆ" ಎನ್ನಬೇಡಿ.

ಫೈನಲ್ ಯಾವಾಗಲೂ ಅವರ ಸೋಮವಾರ ರಾತ್ರಿ, ಅಂದರೆ ನಮಗೆ ಮಂಗಳವಾರ ಬೆಳಿಗ್ಗೆ 6ರ ಸುಮಾರಿಗೆ. ಕಚೇರಿಗೆ ಹೋಗುವವರು ಅರ್ಧ ದಿನದ ರಜೆ ಮೊದಲೇ ಹಾಕಿಡಬೇಕು. ಇಡ್ಲಿಯನ್ನು ಬಿಡುವಿನ ವೇಳೆಗೆ ತರುತ್ತೇನೆಂದರೆ ಮೂರನೆಯ ಕ್ವಾರ್ಟರ್ ಹೋಗುತ್ತದೆ, ಆರಕ್ಕೆ ಮುಂಚೆಯೇ ತಂದಿಡಿ. ನಾನು ಹೇಳಿದ ಆ ಫೈನಲ್ ಇಲ್ಲಿನ ಜನವರಿ 21ಕ್ಕೆ, ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರ ಪುಣ್ಯಸ್ಮರಣೆಯ ದಿನಕ್ಕೇ ಬಿದ್ದಿತ್ತು. ಮನೆಯವರೆಲ್ಲ ಬೆಳಿಗ್ಗೆಯೇ ಮಠಕ್ಕೆ ಹೊರಟು ನಿಂತರೆ ನಾನೊಬ್ಬ ಟಿ.ವಿ. ಮುಂದೆ. ಆಟ ಮುಗಿಸಿ, ಹುಡುಗಿಯ ಸಂತೋಷದ ಕೂಗನ್ನು ಫೋನಿನಲ್ಲಿ ಕೇಳಿ, ಹತ್ತು ಗಂಟೆಯ ಮೇಲೆ ಒಬ್ಬನೇ ಕ್ಯಾತ್ಸಂದ್ರದ ಬಸ್ ಹತ್ತಿದೆ.