ಹೊಗಳಿಕೆಯ ಹಣೆಪಟ್ಟಿ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ನೀವು ಮನೆ ಹುಡುಕಲು ಹೊರಟಾಗ ನಮ್ಮವರೇ ಯಾರಾದರೂ ಹೇಳುತ್ತಾರೆ: 'ಆ ಕಡೆ ಬೇಡ, ಅಲ್ಲಿ ಕಪ್ಪು ಜನ ಹೆಚ್ಚು.' ಹೇಳುವವರಿಗೆ ನಿಮ್ಮ ಮೇಲೆ ಕಾಳಜಿಯೇ ಇರುತ್ತದೆ. ಆದರೂ ಆ ಮಾತಿಗೆ ತಲೆಯಾಡಿಸಬೇಡಿ. ಬಾಡಿಗೆ ಎಷ್ಟು, ಬಸ್ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಕೇಳಿ. ಸಂಜೆಯ ಹೊತ್ತು ನೀವೇ ಒಮ್ಮೆ ಆ ಬೀದಿಯಲ್ಲಿ ನಡೆದು ನೋಡಿ.

ಇದಕ್ಕಿಂತ ನಾಜೂಕಾದ ಬಲೆ ಹೊಗಳಿಕೆ. 'ಭಾರತೀಯರು ಶ್ರಮಜೀವಿಗಳು, ಯಾರ ತಂಟೆಗೂ ಹೋಗುವವರಲ್ಲ' ಎಂದು ಕಚೇರಿಯಲ್ಲಿ ಹೇಳುತ್ತಾರೆ. ಕೇಳಲು ಹಿತವೇ. ಆದರೆ 'ಕಪ್ಪು ಜನರ ಹಾಗಲ್ಲ' ಎಂಬುದು ಅದರೊಳಗೇ ಅಡಗಿರುತ್ತದೆ. 1966ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಪೀಟರ್ಸನ್ ಜಪಾನಿ ಮೂಲದವರನ್ನು ಹೀಗೆಯೇ ಕೊಂಡಾಡಿ, ಇತರ ಅಲ್ಪಸಂಖ್ಯಾತರನ್ನು 'ಸಮಸ್ಯೆ'ಯ ಸಾಲಿಗೆ ಸೇರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಇದೇ ಜಪಾನಿ ಮೂಲದ ಸುಮಾರು 1,20,000 ಮಂದಿಯನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು.

ನಾವು ಇಲ್ಲಿಗೆ ಬಂದದ್ದು ಕೇವಲ ನಮ್ಮ ಬುದ್ಧಿಬಲದಿಂದ ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. 1946ರ ಕಾನೂನು ವರ್ಷಕ್ಕೆ ಸುಮಾರು 100 ಭಾರತೀಯರಿಗಷ್ಟೇ ಬಾಗಿಲು ತೆರೆದಿತ್ತು. ದೇಶವಾರು ಮೂಲ ನೋಡುವ ಆ ಪದ್ಧತಿಯನ್ನು ಕೊನೆಗಾಣಿಸಿದ್ದು 1965ರ ವಲಸೆ ಕಾಯ್ದೆ. ಅದಕ್ಕೆ ನೆಲ ಹದ ಮಾಡಿದ್ದು ಏಟು ತಿಂದು ಸೆರೆಮನೆ ಕಂಡ ಕಪ್ಪು ಜನರ ನಾಗರಿಕ ಹಕ್ಕು ಚಳವಳಿ. ಆಮೇಲೆ ವೀಸಾ ವ್ಯವಸ್ಥೆ ಪದವಿ, ಪರಿಣತಿ ನೋಡಿ ನಮ್ಮಲ್ಲಿ ಅನೇಕರನ್ನು ಆರಿಸಿಕೊಂಡಿತು. ಹೀಗೆ ಸೋಸಿ ಒಳಗೆ ಬಿಟ್ಟವರನ್ನು, ತಲೆಮಾರುಗಳ ಕಾಲ ಗುಲಾಮಗಿರಿ ಉಂಡವರ ಮಕ್ಕಳ ಪಕ್ಕ ನಿಲ್ಲಿಸಿ ಅಳೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ಹಣೆಪಟ್ಟಿ ನಮ್ಮನ್ನು ಕಾಯುವುದೂ ಇಲ್ಲ. ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿಯಾದ ನಾಲ್ಕೇ ದಿನಕ್ಕೆ, 2001ರ ಸೆಪ್ಟೆಂಬರ್ 15ರಂದು, ಅರಿಜೋನಾದ ಮೇಸಾದಲ್ಲಿ ಭಾರತ ಮೂಲದ ಸಿಖ್ಖರಾದ ಬಲ್ಬೀರ್ ಸಿಂಗ್ ಸೋಧಿ ತಮ್ಮ ಪೆಟ್ರೋಲ್ ಬಂಕ್ ಎದುರಿಗೇ ಗುಂಡಿಗೆ ಬಲಿಯಾದರು. ಕೊಂದವನು ನೋಡಿದ್ದು ಪೇಟ ಮತ್ತು ಗಡ್ಡವನ್ನು ಮಾತ್ರ.

ನಮ್ಮ ಬಗ್ಗೆ ಕಪ್ಪು ಜನರಲ್ಲೂ ಪೂರ್ವಗ್ರಹ ಇರಬಹುದು. ಗಿರಾಕಿಯ ಬಣ್ಣ ನೋಡಿ ಅಂಗಡಿಯುದ್ದಕ್ಕೂ ಹಿಂಬಾಲಿಸುವ ಏಷ್ಯಾದ ಮಾಲೀಕರನ್ನು ಕಂಡವರಿಗೆ ಮುನಿಸಿರುವುದು ಸಹಜ. ಅದನ್ನು ವಾದ ಮಾಡಿ ತೊಡೆಯಲಾಗದು. ಜೊತೆಗೆ ಕೆಲಸ ಮಾಡಬೇಕು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಕಪ್ಪು, ಲ್ಯಾಟಿನೊ, ಏಷ್ಯನ್ ವಿದ್ಯಾರ್ಥಿಗಳು ಒಟ್ಟಾಗಿ ಮುಷ್ಕರ ಹೂಡಿ, ತಮ್ಮ ಸಮುದಾಯಗಳ ಚರಿತ್ರೆ ಕಲಿಸುವ ವಿಭಾಗವನ್ನು ಗಳಿಸಿದರು. ನೀವು ಮಕ್ಕಳ ಶಾಲೆಯ ಪೋಷಕರ ಸಭೆಯಿಂದ ಶುರು ಮಾಡಿ. ಅಲ್ಲಿ ಕಪ್ಪು ಹುಡುಗನಿಗೆ ಹೆಚ್ಚು ಶಿಕ್ಷೆಯಾಯಿತೆಂದು ಅವನ ತಾಯಿ ದೂರಿದಾಗ ನಮ್ಮವರು ಸಾಮಾನ್ಯವಾಗಿ ತಲೆ ತಗ್ಗಿಸಿ ಮೊಬೈಲ್ ನೋಡುತ್ತಾರೆ. ನೀವು ಕೈ ಎತ್ತಿ, ಅದೇ ತಪ್ಪಿಗೆ ಬೇರೆ ಮಕ್ಕಳಿಗೆ ಏನು ಶಿಕ್ಷೆಯಾಯಿತು ಎಂದು ಕೇಳಿ.